ಬ್ಯಾಂಡ್ ಸಾಗೆ ವಿಎಫ್‌ಡಿ ಹಾಕಿಸಿ ಎರಡು ಮಳೆಗಾಲ ಕಳೆದವು

ವಿಎಫ್‌ಡಿ ಎಂದರೆ ಮೋಟಾರಿಗೆ ಹೋಗುವ ಕರೆಂಟಿನ ಹರ್ಟ್ಸ್ (ಫ್ರೀಕ್ವೆನ್ಸಿ) ಬದಲಿಸಿ ಅದರ ವೇಗ ಏರಿಸಿ ಇಳಿಸುವ ಡ್ರೈವ್. ಅದಕ್ಕಾಗಿ ಹಳೇ ಸಿಂಗಲ್ ಫೇಸ್ ಮೋಟಾರು ತೆಗೆದು ತ್ರೀ ಫೇಸ್ ಮೋಟಾರು ಹಾಕಿಸಿದೆ. ಮೊದಲು ಬೈದುಬಿಡುತ್ತೇನೆ. "ಸ್ಪೀಡ್ ಇಳಿಸಿದ್ರೆ ಕಬ್ಬಿಣಾನೂ ಕೊಯ್ಯಬಹುದು ಸಾರ್" ಎಂದು ಅಂಗಡಿಯವರು ಹೇಳಿದ್ದರು. ಆಗಲ್ಲ. ನನ್ನದು 14 ಇಂಚಿನ ಚಕ್ರದ, ಮರ ಕೊಯ್ಯುವ ಬ್ಯಾಂಡ್ ಸಾ, ಅಂದರೆ ಚಕ್ರಗಳ ಮೇಲೆ ಪಟ್ಟಿಯಂಥ ಬ್ಲೇಡು ಓಡುವ ಗರಗಸ. ಪೂರ್ತಿ ವೇಗದಲ್ಲಿ ಬ್ಲೇಡು ನಿಮಿಷಕ್ಕೆ ಸುಮಾರು 900 ಮೀಟರ್ ಓಡುತ್ತದೆ. ಎಂಎಸ್ (ಮೆದು ಉಕ್ಕು) ಪಟ್ಟಿ ಕೊಯ್ಯಲು ಬೇಕಾದ್ದು 30ರಿಂದ 60. ಅಷ್ಟಕ್ಕೆ ಇಳಿಸಬೇಕೆಂದರೆ 50 ಹರ್ಟ್ಸನ್ನು ಎರಡು ಮೂರಕ್ಕೆ ತರಬೇಕು. ನಾಬ್ ತಿರುಗಿಸಿದರೆ ನಂಬರ್ ಇಳಿಯುತ್ತದೆ ನಿಜ, ಕೆಲಸ ನಡೆಯುವುದಿಲ್ಲ. ಪುಲ್ಲಿ ಬದಲಿಸಿ ವೇಗ ಇಳಿಸಿದರೆ ಚಕ್ರ ತಿರುಗಿಸುವ ಬಲ ಹೆಚ್ಚುತ್ತದೆ. ಡ್ರೈವ್‌ನಿಂದ ಇಳಿಸಿದರೆ ಬಲ ಹೆಚ್ಚಂದ್ರೆ ಇದ್ದಷ್ಟೇ ಇರುತ್ತದೆ, ವೇಗ ಇಳಿದಷ್ಟೂ ಪವರ್ ಇಳಿಯುತ್ತದೆ. 10 ಹರ್ಟ್ಸ್‌ನಲ್ಲಿ ನನ್ನ 1 ಎಚ್‌ಪಿ ಮೋಟಾರಿನ ಕೈಲಿ ಉಳಿಯುವುದು ಅದರ ಐದನೇ ಒಂದು ಭಾಗ ಅಷ್ಟೇ. ಅದರ ಫ್ಯಾನ್ ಕೂಡ ಅದೇ ಶಾಫ್ಟ್ ಮೇಲೆ ಇರುವುದರಿಂದ ಗಾಳಿಯೂ ಕಡಿಮೆ. ಸ್ವಲ್ಪ ಹೊತ್ತಿಗೇ ಮೈ ಸುಡುತ್ತದೆ.

ಮೋಟಾರು, ಡ್ರೈವ್, ಡಬ್ಬಿ, ವೈರಿಂಗ್ ಎಲ್ಲ ಸೇರಿ 18,000 ರೂಪಾಯಿ ಹತ್ತಿರ ಆಯಿತು. ನನ್ನಂಥ ಮನೆ ಹಿಂದಿನ ಶೆಡ್ಡಿನ ಕೆಲಸಗಾರನಿಗೆ ಇದು ಸುಮ್ನೆ ಬಿಡುವ ದುಡ್ಡಲ್ಲ.

ಇನ್ನೊಂದು ಕಿರಿಕಿರಿ, ಕೀಂ ಅನ್ನುವ ಸದ್ದು. ಕ್ಯಾರಿಯರ್ ಫ್ರೀಕ್ವೆನ್ಸಿ (ಡ್ರೈವ್ ಒಳಗೆ ಕರೆಂಟನ್ನು ಆನ್-ಆಫ್ ಮಾಡುವ ವೇಗ) 4 ಕಿಲೋಹರ್ಟ್ಸ್‌ನಲ್ಲಿ ಇದ್ದಾಗ ಅಡಿಗೆಮನೆಯಿಂದ ಬೈಗುಳ ಬರುತ್ತಿತ್ತು. 10ಕ್ಕೆ ಏರಿಸಿದ ಮೇಲೆ ಸದ್ದು ಕಡಿಮೆಯಾಯಿತು, ಡ್ರೈವ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಎಲ್ಲದಕ್ಕೂ ಒಂದು ಬೆಲೆ ಇದೆ, ಅಲ್ವಾ?

ಆದರೂ ಈಗ ಯಾರಾದರೂ ಹಳೇ ಮೋಟಾರು ವಾಪಸ್ ಹಾಕಿಕೊಡುತ್ತೇನೆ ಅಂದರೆ ಬೇಡ ಅನ್ನುತ್ತೇನೆ. ಕಾರಣ ವೇಗವಲ್ಲ. ಇದು ಶುರುವಾಗುವ ರೀತಿ, ನಿಲ್ಲುವ ರೀತಿ.

ಹಳೇ ಮೋಟಾರು ಸ್ವಿಚ್ ಒತ್ತಿದ ತಕ್ಷಣ ಧಡ್ ಎಂದು ಏಳುತ್ತಿತ್ತು. ಮನೆಯ ಲೈಟು ಮಂಕಾಗುತ್ತಿತ್ತು, ಬೆಲ್ಟು ಕಿರುಚುತ್ತಿತ್ತು. ನಮ್ಮ ಸಾಗರದ ಕಡೆ ಮಳೆಗಾಲದ ಸಂಜೆ ವೋಲ್ಟೇಜ್ ಬಿದ್ದರೆ ಬರೀ ಗುಂಯ್ ಎಂದು ಕೂರುತ್ತಿತ್ತು, ಕೆಪಾಸಿಟರ್ ಊದಿಕೊಳ್ಳುತ್ತಿತ್ತು. ಈಗ ನಾಲ್ಕು ಸೆಕೆಂಡಿನಲ್ಲಿ ಮೆಲ್ಲಗೆ ವೇಗ ಹಿಡಿಯುತ್ತದೆ. ವೋಲ್ಟೇಜ್ ತೀರಾ ಕಡಿಮೆ ಇದ್ದರೆ ಡ್ರೈವ್ ತಪ್ಪು ತೋರಿಸಿ ಸುಮ್ಮನಾಗುತ್ತದೆ, ಏನೂ ಸುಡುವುದಿಲ್ಲ.

ಬೆಳಗ್ಗೆ ನನ್ನ ಕ್ರಮ ಹೀಗೆ. ಬ್ರಷ್ಷಿನಿಂದ ಕೆಳಗಿನ ಚಕ್ರದ ಟಯರಿಗೆ ಅಂಟಿದ ಹೊಟ್ಟು ಕೆರೆಯುತ್ತೇನೆ. ಬ್ಲೇಡು ಬಿಗಿ ಮಾಡಿ, ಬೆರಳಲ್ಲಿ ತಟ್ಟಿ ನೋಡುತ್ತೇನೆ. ಬಾಗಿಲು ಮುಚ್ಚಿ, ನಾಬ್ 8 ಹರ್ಟ್ಸ್‌ಗೆ ಇಟ್ಟು ಚಾಲೂ ಮಾಡುತ್ತೇನೆ. ಚಕ್ರ ಸಾವಕಾಶ ತಿರುಗುತ್ತದೆ. ಬ್ಲೇಡು ಟಯರಿನ ನಡುವೆ ಕೂತಿದೆಯೋ ಅಂಚಿಗೆ ಜಾರುತ್ತಿದೆಯೋ ಅಂತ ಕಿಂಡಿಯಿಂದಲೇ ನೋಡಬಹುದು. ಬೆಸುಗೆಯ ಜಾಗ ಗೈಡಿಗೆ ತಾಗಿದರೆ ಟಕ್ ಟಕ್ ಕೇಳುತ್ತದೆ. ಹೊಸ ಬ್ಲೇಡು ಹಾಕಿದ ದಿನವಂತೂ ಇದೊಂದೇ ಸಾಕು. ಮೊದಲಾಗಿದ್ದರೆ ಕೈಯಲ್ಲಿ ತಿರುಗಿಸಿ ನೋಡಿ, ದೇವರ ಮೇಲೆ ಭಾರ ಹಾಕಿ ಒಮ್ಮೆಲೇ ಪೂರ್ತಿ ವೇಗಕ್ಕೆ ಬಿಡಬೇಕಿತ್ತು.

ನಿಲ್ಲಿಸುವುದು ಇನ್ನೂ ಚೆಂದ. ಎರಕದ ಚಕ್ರ ತಾನಾಗಿ ನಿಲ್ಲಲಿ ಎಂದು ಕಾಯುತ್ತಾ, ಬ್ಲೇಡಿನ ಪಕ್ಕದ ತುಂಡಿಗೆ ಕೈ ಹಾಕಲಾಗದೆ ನಿಲ್ಲುತ್ತಿದ್ದೆ. ಈಗ ಆರು ಸೆಕೆಂಡು. ಎರಡಕ್ಕೆ ಇಟ್ಟರೆ ಓವರ್ ವೋಲ್ಟೇಜ್ ಅಂತ ಟ್ರಿಪ್ ಆಗುತ್ತದೆ. ಉರುಳುತ್ತಿರುವ ಚಕ್ರವೇ ಮೋಟಾರನ್ನು ಜನರೇಟರ್ ಮಾಡಿ ಡ್ರೈವ್‌ಗೆ ಕರೆಂಟು ವಾಪಸ್ ತುಂಬುತ್ತದಂತೆ. ಆ ಕರೆಂಟನ್ನು ಬಿಸಿಯಾಗಿ ಕಳೆಯುವ ಬ್ರೇಕಿಂಗ್ ರೆಸಿಸ್ಟರ್ ಹಾಕಿದರೆ ಇನ್ನೂ ಬೇಗ ನಿಲ್ಲಿಸಬಹುದು. ನನಗೆ ಆರು ಸಾಕು.

ಹಲಸು, ತೇಗಕ್ಕೆ ನಾಬ್ 50ರಲ್ಲೇ ಇರುತ್ತದೆ. ಆಕ್ರಿಲಿಕ್ ಬೋರ್ಡಿನ ಅಕ್ಷರ ಕೊಯ್ಯುವಾಗ ಮಾತ್ರ 20ಕ್ಕೆ ಇಳಿಸುತ್ತೇನೆ. ಕೊಯ್ದ ಗೆರೆ ಕರಗಿ ಹಿಂದಿನಿಂದ ಮತ್ತೆ ಅಂಟಿಕೊಳ್ಳುವ ರಗಳೆ ತಪ್ಪಿತು.

ಹಾಕಿಸುವವರಿಗೆ ಒಂದೆರಡು ಮಾತು. ಡ್ರೈವ್ ಹಾಕಿದ ಮೇಲೆ ಕೆಲವು ಮನೆಗಳಲ್ಲಿ ಇಎಲ್‌ಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತದೆ. ಡ್ರೈವ್‌ನ ಫಿಲ್ಟರ್ ಅರ್ತ್‌ಗೆ ಸ್ವಲ್ಪ ಕರೆಂಟು ಬಿಡುವುದೇ ಕಾರಣ. ಇಎಲ್‌ಸಿಬಿಯನ್ನು ಕಿತ್ತುಹಾಕಬೇಡಿ, ಡ್ರೈವ್‌ಗೆ ಹೊಂದುವಂಥದ್ದನ್ನು ಹಾಕಿಸಿ. ಯಂತ್ರದ ಹಳೇ ಸ್ವಿಚ್ಚನ್ನು ಡ್ರೈವ್ ಮತ್ತು ಮೋಟಾರಿನ ನಡುವೆ ಬಿಡಬಾರದು, ಅದರ ವೈರು ಡ್ರೈವ್‌ನ ಕಂಟ್ರೋಲ್ ಟರ್ಮಿನಲ್‌ಗೆ ಹೋಗಬೇಕು. ಹೋದ ಕರೆಂಟು ಬಂದಾಗ ಯಂತ್ರ ತಾನಾಗಿ ಶುರುವಾಗದಂತೆ ಸೆಟ್ಟಿಂಗ್ ಮಾಡಿಸಿ. ತ್ರೀ ಫೇಸ್ ಮೋಟಾರು ಕೊಳ್ಳುವಾಗ ವೈಂಡಿಂಗಿನ ಆರು ತುದಿಯೂ ಹೊರಗೆ ಬಂದಿದೆಯಾ ನೋಡಿ. 415 ವೋಲ್ಟ್ ಸ್ಟಾರ್‌ನಲ್ಲಿ ಬರುವುದನ್ನು ಡೆಲ್ಟಾಗೆ (ಎರಡೂ ಆ ತುದಿಗಳನ್ನು ಜೋಡಿಸುವ ಕ್ರಮ) ಬದಲಿಸಿದರೆ ಮಾತ್ರ ಮನೆಯ ಸಿಂಗಲ್ ಫೇಸ್ ಡ್ರೈವ್‌ನಲ್ಲಿ ಸರಿಯಾಗಿ ಓಡುತ್ತದೆ. ಇರುವ ಸಿಂಗಲ್ ಫೇಸ್ ಕೆಪಾಸಿಟರ್ ಸ್ಟಾರ್ಟ್ ಮೋಟಾರಿಗೇ ಡ್ರೈವ್ ಕೂರಿಸಿಕೊಡುತ್ತೇನೆ ಅನ್ನುವವರಿಗೆ ಮಾತ್ರ ಕೆಲಸ ಕೊಡಬೇಡಿ. ವೇಗ ಇಳಿದ ಕೂಡಲೇ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಹಿಡಿದ ಮೇಲೆ ಸ್ಟಾರ್ಟಿಂಗ್ ವೈಂಡಿಂಗನ್ನು ಬಿಡಿಸುವಂಥದ್ದು) ಮತ್ತೆ ಕೂಡಿಕೊಂಡು ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟುಹೋಗುತ್ತದೆ.