ಟಸ್ಕನಿಗೆ ಕಾರಲ್ಲಿ ಹೋಗುವವರೇ, ಕೋಟೆ ಬಾಗಿಲ ಹೊರಗೇ ನಿಲ್ಲಿಸಿ

ಇಟಲಿಯ ಟಸ್ಕನಿಯಲ್ಲಿ ಬಾಡಿಗೆ ಕಾರು ಹಿಡಿದು ಹಳೇ ಊರುಗಳು, ದ್ರಾಕ್ಷಿ ತೋಟಗಳು ಅಂತ ಸುತ್ತುವ ಯೋಚನೆ ಇದೆಯಾ? ಕಾರು ಬುಕ್ ಮಾಡುವ ಮೊದಲು ಇದನ್ನು ಓದಿಬಿಡಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅನ್ನುವುದೊಂದೇ ನನ್ನ ಆಸೆ.

ನಾವು ಬೆಂಗಳೂರಿಗೆ ವಾಪಸ್ ಬಂದು, ಫೋಟೋಗಳನ್ನೆಲ್ಲ ನೆಂಟರಿಗೆ ತೋರಿಸಿಯೂ ಆಗಿತ್ತು. ಆಮೇಲೆ ಒಂದು ದಿನ ಕ್ರೆಡಿಟ್ ಕಾರ್ಡಿನಿಂದ ಕಾರು ಕಂಪನಿಯವರು ದುಡ್ಡು ಎಳೆದುಕೊಂಡರು. ಒಂದು ಸಲ ಅಲ್ಲ, ಬೇರೆ ಬೇರೆಯಾಗಿ ಹಲವು ಸಲ. ಯಾಕೆ ಅಂತ ಕೇಳಿದರೆ, 'ಪೊಲೀಸರು ಚಾಲಕರ ವಿವರ ಕೇಳಿದರು, ಕೊಟ್ಟೆವು, ಅದರ ಸೇವಾ ಶುಲ್ಕ' ಎಂಬ ಉತ್ತರ. ಅಂದರೆ ಅದು ದಂಡವೇ ಅಲ್ಲ! ನಿಜವಾದ ದಂಡದ ಕಾಗದಗಳು ಇನ್ನೂ ಕೆಲವು ತಿಂಗಳ ನಂತರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮನೆಗೇ ಬಂದವು.

ತಪ್ಪು ಏನು? ಸಿಯೆನಾ ಊರಿನ ಕೋಟೆಯೊಳಗೆ ಕಾರು ಓಡಿಸಿದ್ದು.

ಟಸ್ಕನಿಯ ಹಳೇ ಊರುಗಳಲ್ಲಿ ಬಹಳಷ್ಟಕ್ಕೆ ಜೆಡ್‌ಟಿಎಲ್, ಅಂದರೆ ವಾಹನ ನಿರ್ಬಂಧ ಇರುವ ವಲಯ ಇರುತ್ತದೆ. ಸ್ಥಳೀಯರು, ಪರವಾನಗಿ ಇದ್ದವರು ಮಾತ್ರ ಅಲ್ಲಿ ವಾಹನ ಓಡಿಸಬಹುದು. ಫ್ಲಾರೆನ್ಸ್, ಸಿಯೆನಾ, ಪೀಸಾ, ಲುಕ್ಕಾ ಮಾತ್ರವಲ್ಲ, ಗುಡ್ಡದ ಮೇಲಿನ ಪುಟ್ಟ ಊರುಗಳಾದ ಸಾನ್ ಜಿಮಿನ್ಯಾನೊ, ವೊಲ್ತೆರಾ, ಮೊಂತೆಪುಲ್ಚಾನೊಗಳಲ್ಲೂ ಇದೆ. ಗೇಟಿಲ್ಲ, ಸರಪಳಿಯಿಲ್ಲ, ಪೊಲೀಸ್ ನಿಂತಿರುವುದಿಲ್ಲ. ಬಿಳಿ ಹಿನ್ನೆಲೆಯ ಮೇಲೆ ಕೆಂಪು ವೃತ್ತದ ಬೋರ್ಡು, ಕೆಳಗೆ ಇಟಾಲಿಯನ್‌ನಲ್ಲಿ ಸಮಯ, ಪಕ್ಕದಲ್ಲಿ ಒಂದು ಕ್ಯಾಮೆರಾ. ಅಷ್ಟೇ. ಕೆಲವು ಕಡೆ 'ವಾರ್ಕೊ ಆತ್ತಿವೊ' ಅಂತ ದೀಪದ ಅಕ್ಷರ ಉರಿಯುತ್ತಿರುತ್ತದೆ. ಅದು ಉರಿಯುತ್ತಿದ್ದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ, ಒಳಗೆ ಹೋಗಬೇಡಿ ಅಂತ. ದಾರಿ ಒಳಗೇ ಹೋಗುವಂತೆ ಕಂಡು ಎಷ್ಟೋ ಜನ ಸೀದಾ ನುಗ್ಗಿಬಿಡುತ್ತಾರೆ. ನಿರ್ಬಂಧದ ಸಮಯವೂ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬೇರೆ ಬೇರೆ. ಫೋನಿನ ಮ್ಯಾಪ್ ನಂಬಿಕೊಂಡರೆ ಆಗಲಿಲ್ಲ, ಅದು ಹತ್ತಿರದ ದಾರಿ ಅಂತ ಆರಾಮಾಗಿ ಒಳಗೇ ಕಳಿಸುತ್ತದೆ.

ನಾವು ಉಳಿದುಕೊಂಡಿದ್ದ ಜಾಗ ಇದ್ದದ್ದು ಈ ವಲಯದ ಒಳಗೆ. ಅಮ್ಮನಿಗೆ ಮಂಡಿ ನೋವು, ಏರುದಾರಿಯಲ್ಲಿ ಹೆಚ್ಚು ನಡೆಯಲಾಗದು ಅಂತ ಮೊದಲೇ ಬರೆದು ಕೇಳಿದ್ದೆವು. 'ಕಾರಿನ ನಂಬರ್ ಕಳಿಸಿ, ನಾವು ನೋಂದಾಯಿಸುತ್ತೇವೆ, ಬಾಗಿಲವರೆಗೆ ಬನ್ನಿ' ಅಂದರು. ವಲಯದೊಳಗಿನ ಹೋಟೆಲುಗಳಿಗೆ ಅತಿಥಿಗಳ ಕಾರಿನ ನಂಬರನ್ನು ಊರಾಡಳಿತಕ್ಕೆ ಕೊಟ್ಟು ಅನುಮತಿ ಪಡೆಯುವ ವ್ಯವಸ್ಥೆ ನಿಜಕ್ಕೂ ಇದೆ. ನಂಬರ್ ಪ್ಲೇಟಿನ ಫೋಟೋ ಕಳಿಸಿದೆವು. ಲಗೇಜು ಇಳಿಸಲು ಒಳಗೆ ಹೋದೆವು, ಮಾರನೇ ದಿನ ಅಮ್ಮನನ್ನು ಕರೆದೊಯ್ಯಲು ಮತ್ತೆ ಹೋದೆವು, ಹೊರಡುವಾಗಲೂ ಹೋದೆವು. ಹೋಟೆಲಿನವರು ನಂಬರನ್ನು ಊರಾಡಳಿತಕ್ಕೆ ಕೊಟ್ಟೇ ಇರಲಿಲ್ಲ. ಕಾಗದ ಬಂದ ಮೇಲೆ ಕೇಳಿದರೆ ಮೊದಲು 'ಕೊಟ್ಟಿದ್ದೆವಲ್ಲ' ಅಂದರು, ಆಮೇಲೆ ಉತ್ತರವನ್ನೇ ನಿಲ್ಲಿಸಿದರು. ನೋವಿರುವ ವಯಸ್ಸಾದವರಿಗಾಗಿ ಕೇಳಿದ್ದಕ್ಕೆ ಹೀಗೆ ಮಾಡಿದರಲ್ಲ ಎಂದು ನನಗೆ ಈಗಲೂ ಸಿಟ್ಟಿದೆ.

ಇಲ್ಲಿ ಗಮನಿಸಬೇಕಾದದ್ದು, ಒಂದೊಂದು ಸಲ ಕ್ಯಾಮೆರಾ ದಾಟಿದ್ದಕ್ಕೂ ಒಂದೊಂದು ದಂಡ. ಒಂದೇ ದಿನ ಎರಡು ಸಲ ದಾಟಿದರೆ ಎರಡು ನೋಟಿಸ್. ದಂಡವೇ ಸುಮಾರು 80 ಯೂರೋದಿಂದ ಶುರು, ಅದರ ಮೇಲೆ ನೋಟಿಸ್ ಕಳಿಸಿದ ಖರ್ಚು, ಅದಕ್ಕೂ ಮೊದಲು ಕಾರು ಕಂಪನಿಯ ಶುಲ್ಕ. ಆ ಶುಲ್ಕವೂ ಪ್ರತಿ ನೋಟಿಸಿಗೆ ಬೇರೆ! ಬಾಡಿಗೆ ಕರಾರಿನ ಸಣ್ಣ ಅಕ್ಷರಗಳಲ್ಲಿ ಇದು ಇರುತ್ತದೆ. ವಿದೇಶದಲ್ಲಿ ಇರುವವರಿಗೆ ನೋಟಿಸ್ ಕಳಿಸಲು ಇಟಲಿಯ ಕಾನೂನು 360 ದಿನ ಕೊಡುತ್ತದೆ. ಆದ್ದರಿಂದ ಬಂದು ಆರು ತಿಂಗಳಾಯ್ತು, ಏನೂ ಬರಲಿಲ್ಲ ಅಂತ ನೆಮ್ಮದಿಯಾಗಿರಬೇಡಿ.

ಹಾಗಾಗಿ ವಲಯದೊಳಗೆ ರೂಮ್ ಹಿಡಿದರೆ, ನಂಬರ್ ನೋಂದಾಯಿಸಿದ್ದಕ್ಕೆ ಪುರಾವೆ ಕೇಳಿ. 'ಆಯ್ತು, ಬನ್ನಿ' ಎಂಬ ಮೆಸೇಜ್ ಸಾಲದು. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಯಾವ ಬಾಗಿಲಿನಿಂದ ಎಂದು ಬರೆದು ಕೊಡಲಿ. ಕೊಡದಿದ್ದರೆ ಹೊರಗೇ ನಿಲ್ಲಿಸಿ. ಇನ್ನೂ ಒಳ್ಳೆಯದು, ಕೋಟೆ ಹೊರಗೇ ರೂಮ್ ನೋಡಿ.

ಹೊರಗೆ ನಿಲ್ಲಿಸಿದರೆ ಕಷ್ಟವೇನೂ ಇಲ್ಲ, ನಮಗೆ ಇದು ಮೊದಲೇ ಗೊತ್ತಿದ್ದರೆ ಅಮ್ಮನಿಗೂ ಸಲೀಸಾಗುತ್ತಿತ್ತು. ಸಿಯೆನಾದಲ್ಲಿ ಸಾಂತಾ ಕತೆರೀನಾ ಪಾರ್ಕಿಂಗಿನಿಂದ ಮೇಲಕ್ಕೆ ಎಸ್ಕಲೇಟರುಗಳೇ ಇವೆ, ಕಥೀಡ್ರಲ್ ಸಮೀಪಕ್ಕೆ ತಂದು ಬಿಡುತ್ತವೆ. ಸಾನ್ ಜಿಮಿನ್ಯಾನೊದಲ್ಲಿ ಗೋಡೆಯ ಹೊರಗೆ ಪಾರ್ಕಿಂಗ್ ಜಾಗಗಳಿವೆ. ಫ್ಲಾರೆನ್ಸಿಗೆ ಹೋಗುವುದಾದರೆ ಎ1 ಹೆದ್ದಾರಿಯ ಮೇಲೆಯೇ ವಿಲ್ಲಾ ಕೊಸ್ತಾಂಜಾ ಪಾರ್ಕಿಂಗ್ ಇದೆ. ಅಲ್ಲಿ ಕಾರು ಬಿಟ್ಟು ಟ್ರಾಮ್ ಹತ್ತಿದರೆ ಊರ ನಡುವೆ ಇಳಿಯಬಹುದು. ಬೀದಿ ಬದಿ ನಿಲ್ಲಿಸುವಾಗ ಗೆರೆಯ ಬಣ್ಣ ನೋಡಿ: ನೀಲಿ ಗೆರೆಗೆ ದುಡ್ಡು, ಬಿಳಿ ಗೆರೆ ಸಾಮಾನ್ಯವಾಗಿ ಉಚಿತ, ಹಳದಿ ಗೆರೆ ಬೇರೆಯವರಿಗೆ ಮೀಸಲು.

ಊರುಗಳ ಸೊಗಸಿನ ಬಗ್ಗೆ ನನ್ನ ದೂರಿಲ್ಲ. ಸಾನ್ ಜಿಮಿನ್ಯಾನೊದ ಕಲ್ಲಿನ ಗೋಪುರಗಳನ್ನು, ಸಿಯೆನಾದ ಊರಾಡಳಿತದ ಹಳೇ ಕಟ್ಟಡದೊಳಗೆ ಚಿತ್ರಕಾರ ಅಂಬ್ರೋಜೊ ಲೊರೆಂಜೆತ್ತಿ 1338-39ರಲ್ಲಿ ಬರೆದ ಒಳ್ಳೆಯ ಆಡಳಿತದ ಭಿತ್ತಿಚಿತ್ರವನ್ನು ನೋಡದೆ ಬರಬೇಡಿ. ಆ ಚಿತ್ರದಲ್ಲಿ ಕಾಣುವ ಗುಡ್ಡ, ಹೊಲ, ತೋಟ ಹೊರಗೆ ಬಂದರೆ ಈಗಲೂ ಹಾಗೇ ಕಾಣುತ್ತವೆ. ಪಿಯೆಂಜಾ ಊರಿನ ಸುತ್ತಲಿನ ವಾಲ್ ದೋರ್ಚಾ ಕಣಿವೆ 2004ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿ ಸಂಜೆ ಹೊತ್ತು ಸುಮ್ನೆ ನಿಂತುಕೊಂಡರೆ ಸಾಕು ಅನಿಸುತ್ತದೆ.

ಇನ್ನು ವೈನ್. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಕಿಯಾಂತಿ ಸೀಮೆಯ ಎಲ್ಲೆಯನ್ನು 1716ರಲ್ಲೇ ಆಗ ಟಸ್ಕನಿಯನ್ನು ಆಳುತ್ತಿದ್ದ ಮೆಡಿಚಿ ಮನೆತನದ ಮೂರನೇ ಕೋಸಿಮೊ ಗುರುತು ಹಾಕಿಸಿದ್ದ. ಅಲ್ಲಿನ ಕಿಯಾಂತಿ ಕ್ಲಾಸಿಕೊ ಎಂಬ ವೈನಿನಲ್ಲಿ ಸಾಂಜೊವೇಸೆ ದ್ರಾಕ್ಷಿ ನೂರಕ್ಕೆ ಕನಿಷ್ಠ 80 ಪಾಲು ಇರಬೇಕು, ಮೊಂತಾಲ್ಚಿನೊ ಊರಿನ ಬ್ರುನೆಲ್ಲೊ ವೈನಿನಲ್ಲಿ ಪೂರ್ತಿ ಅದೇ. ರುಚಿ ನೋಡಬೇಕೆನಿಸುವುದು ಸಹಜ. ಆದರೆ ತೋಟದಿಂದ ತೋಟಕ್ಕೆ ಹೋಗಲು ಯಾರೋ ಒಬ್ಬರು ಕಾರು ಓಡಿಸಲೇಬೇಕು ಅಲ್ವಾ? ಇಟಲಿಯಲ್ಲಿ ಚಾಲಕರ ರಕ್ತದಲ್ಲಿ ಆಲ್ಕೋಹಾಲ್ ಲೀಟರಿಗೆ 0.5 ಗ್ರಾಂ ಮಿತಿ, ಲೈಸೆನ್ಸ್ ಸಿಕ್ಕು ಮೂರು ವರ್ಷ ಆಗದವರಿಗೆ ಸೊನ್ನೆ. ಒಂದು ಕಡೆ ನಾಲ್ಕೈದು ಬಗೆ ಸುರಿಯುತ್ತಾರೆ. ಎರಡು ತೋಟ ಆಗುವಷ್ಟರಲ್ಲಿ ಮಿತಿ ದಾಟುವುದು ಸುಲಭ. ರಸ್ತೆಗಳೋ ಬರೀ ತಿರುವುಗಳು. ಓಡಿಸುವವರು ಕುಡಿಯಲೇಬಾರದು, ಬಾಯಲ್ಲಿ ಇಟ್ಟು ಉಗುಳುವ ಪಾತ್ರೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಲ್ಲರೂ ಕುಡಿಯುವುದಾದರೆ ಚಾಲಕರಿರುವ ಗಾಡಿ ಗೊತ್ತು ಮಾಡಿಕೊಳ್ಳಿ.

ಬಸ್ಸಿನಲ್ಲಿ ಹೋಗೋಣ ಅಂದುಕೊಂಡವರಿಗೆ: ಭಾನುವಾರ, ಹಬ್ಬದ ದಿನ ಹಳ್ಳಿ ಕಡೆ ಬಸ್ಸು ಬಹಳ ಕಡಿಮೆ, ಕೆಲವು ದಾರಿಗಳಲ್ಲಿ ಇರುವುದೇ ಇಲ್ಲ. ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಅಂದರೆ ಕೆಲಸದ ದಿನ, ಶನಿವಾರವೂ ಸೇರಿ. 'ಫೆಸ್ತಿವೊ' ಅಂದರೆ ಭಾನುವಾರ ಮತ್ತು ರಜೆ.

ತೋಟದ ಮನೆಗಳಿಗೆ ಹೋಗುವ ಮಣ್ಣಿನ ಬಿಳಿ ರಸ್ತೆಗಳಲ್ಲಿ ನಿಧಾನ. ಟೈರು, ಗಾಜು, ಕಾರಿನ ಅಡಿಭಾಗಕ್ಕೆ ಬಾಡಿಗೆ ವಿಮೆ ಎಷ್ಟೋ ಸಲ ಅನ್ವಯಿಸುವುದಿಲ್ಲ. ಹೊರಡುವ ಮೊದಲು ನಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಕೌಂಟರಿನಲ್ಲಿ ಕೇಳದೇ ಕಾರು ಕೊಟ್ಟರೂ, ದಾರಿಯಲ್ಲಿ ಪೊಲೀಸರು ಕೇಳಿದರೆ ತೋರಿಸಬೇಕು. ವಾಪಸ್ ಬರುವಾಗ ಒಬ್ಬರಿಗೆ ಸುಂಕವಿಲ್ಲದೆ ತರಲು ಬಿಡುವುದು 2 ಲೀಟರ್ ಮದ್ಯ, ಅಂದರೆ ಮಾಮೂಲಿ ಬಾಟಲಿ ಎರಡು.

ಈಗಾಗಲೇ ಕಾಗದ ಬಂದಿರುವವರಿಗೆ ಇಷ್ಟು ಹೇಳಬಲ್ಲೆ. ಮೊದಲು ಅದು ಕಾರು ಕಂಪನಿಯದೋ, ಊರಾಡಳಿತದ್ದೋ ನೋಡಿ. ಮೊದಲನೆಯದನ್ನು ಕಟ್ಟಿದ ಮಾತ್ರಕ್ಕೆ ದಂಡ ತೀರುವುದಿಲ್ಲ. ನೋಟಿಸ್ ಕೈಗೆ ಬಂದ 5 ದಿನದೊಳಗೆ ಕಟ್ಟಿದರೆ 30 ಪರ್ಸೆಂಟ್ ಕಡಿಮೆ, 60 ದಿನ ದಾಟಿದರೆ ಮೊತ್ತ ದುಪ್ಪಟ್ಟು. ಮೇಲ್ಮನವಿಗೂ ದಾರಿ ಇದೆ, ಪ್ರಿಫೆಕ್ಟರ (ಜಿಲ್ಲೆಯಲ್ಲಿ ಸರ್ಕಾರದ ಪ್ರತಿನಿಧಿ) ಕಚೇರಿಗೆ 60 ದಿನ, ಸಣ್ಣ ವ್ಯಾಜ್ಯ ನೋಡುವ ಶಾಂತಿ ನ್ಯಾಯಾಧೀಶರ ಬಳಿಗಾದರೆ ಇಟಲಿಯಲ್ಲಿ ಇರುವವರಿಗೆ 30 ದಿನ, ವಿದೇಶದಲ್ಲಿ ಇರುವವರಿಗೆ 60 ದಿನ. ಆದರೆ ದಂಡ ಕಟ್ಟಿದ ಮೇಲೆ ಮೇಲ್ಮನವಿ ಇಲ್ಲ. ಹೋಟೆಲಿನವರು ಬರೆದು ಕೊಟ್ಟ ಪುರಾವೆ ಕೈಯಲ್ಲಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ನಮ್ಮ ಹತ್ತಿರ ಇದ್ದದ್ದು 'ಬನ್ನಿ' ಎಂಬ ಮೆಸೇಜ್ ಮಾತ್ರ, ಹಾಗಾಗಿ ಎಲ್ಲವನ್ನೂ ಕಟ್ಟಿದೆವು.