ಬೋರ್ಡಿಲ್ಲದ ಅಂಗಡಿ, ಬೂಷ್ಟು ಹಿಡಿದ ಕ್ವೇಕರ್‌ಗಳು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ ಹಳೇ ಪುಸ್ತಕದ ಅಂಗಡಿ ಇದೆ. ಬೋರ್ಡಿನ ಬಣ್ಣ ಹೋಗಿ ವರ್ಷಗಳಾಗಿವೆ, ಹಾಗಾಗಿ ಹೆಸರು ಕೇಳಬೇಡಿ. ಮುಂದೆ ಪಿಯುಸಿ ಗೈಡುಗಳು, ಹಿಂದೆ ಅಟ್ಟದ ಮೇಲೆ ಎಸ್ಟೇಟ್ ಬಂಗ್ಲೆಗಳನ್ನು ಖಾಲಿ ಮಾಡುವಾಗ ತೂಕಕ್ಕೆ ಬಂದ ಇಂಗ್ಲಿಷ್ ಪುಸ್ತಕಗಳು. ನಾನು ಹೋಗಿದ್ದು ಮಗಳಿಗೆ ಕೆಮಿಸ್ಟ್ರಿ ಗೈಡ್ ತರಲು. ವಾಪಸ್ ಬಂದಿದ್ದು ಮೂರು ಕ್ವೇಕರ್ ಪುಸ್ತಕ ಹಿಡಿದುಕೊಂಡು. ಗೈಡ್ ಮರೆತೇಹೋಗಿತ್ತು. ಒಟ್ಟು 450 ರೂಪಾಯಿ.

ಮನೆಯಲ್ಲಿ ಬಂದ ಮೊದಲ ಪ್ರಶ್ನೆ: "ಓಟ್ಸ್ ಡಬ್ಬಿ ಮೇಲೆ ಇರ್ತಾನಲ್ಲ ಟೋಪಿ ತಾತ, ಅವನಾ?" ಅಲ್ಲ. ಕ್ವೇಕರ್ ಅಂದರೆ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ. ಆ ಕಂಪನಿಗೂ ಈ ಪಂಥಕ್ಕೂ ಸಂಬಂಧ ಇಲ್ಲ. ಕ್ವೇಕರ್ ಅಂದರೆ ಪ್ರಾಮಾಣಿಕರು ಅಂತ ಜನ ನಂಬಿದ್ದರು, ಆ ಹೆಸರನ್ನು 1877ರಲ್ಲಿ ಟ್ರೇಡ್‌ಮಾರ್ಕ್ ಮಾಡಿಕೊಂಡರು ಅಷ್ಟೇ. ಕ್ಯಾಡ್ಬರಿ ಮಾತ್ರ ನಿಜವಾಗಿಯೂ ಕ್ವೇಕರ್ ಮನೆತನ ಕಟ್ಟಿದ ಕಂಪನಿ. ಮಗಳಿಗೆ ಅಷ್ಟು ಸಾಕಾಯ್ತು.

ಮೊದಲ ಪುಸ್ತಕ ಈ ಪಂಥ ಶುರು ಮಾಡಿದ ಜಾರ್ಜ್ ಫಾಕ್ಸ್ ಅವರ 'ಜರ್ನಲ್'. 1624ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಕೆಲಸ ಕಲಿತವರು. ದೇವರಿಗೂ ಮನುಷ್ಯನಿಗೂ ನಡುವೆ ಪಾದ್ರಿ ಬೇಡ, ಬೆಳಕು ಎಲ್ಲರ ಒಳಗೂ ಇದೆ, ಸುಮ್ನೆ ಕೂತು ಕಾಯಿರಿ ಅಂದವರು. ದೇವರ ಮಾತಿಗೆ ನಡುಗಿ ಅಂತ 1650ರಲ್ಲಿ ಡರ್ಬಿಯ ಜಡ್ಜ್ ಒಬ್ಬರಿಗೇ ಹೇಳಿದ್ದಕ್ಕೆ, ಅವರು ಹೀಯಾಳಿಸಿ 'ನಡುಗುವವರು' ಅಂತ ಕರೆದರಂತೆ. ಅದೇ ಕ್ವೇಕರ್. ಪುಸ್ತಕ ಅಚ್ಚಾಗಿದ್ದು ಫಾಕ್ಸ್ ತೀರಿಕೊಂಡ ಮೂರು ವರ್ಷಕ್ಕೆ, 1694ರಲ್ಲಿ. ಓದಲು ಸಲೀಸಿಲ್ಲ. ಊರಿಗೆ ಹೋದೆ, ಜಗಳವಾಯ್ತು, ಕೋರ್ಟಲ್ಲಿ ಟೋಪಿ ತೆಗೆಯಲಿಲ್ಲ, ಜೈಲಿಗೆ ಹಾಕಿದರು, ಬಿಟ್ಟರು, ಮತ್ತೆ ಊರಿಗೆ ಹೋದೆ. ಇನ್ನೂರು ಪುಟದ ಹೊತ್ತಿಗೆ ನಾನೇ ಜೈಲಲ್ಲಿದ್ದ ಹಾಗಾಯ್ತು.

ಆದರೆ ಒಂದು ವಿಷಯ ಕನ್ನಡದವರಿಗೆ ವಿವರಿಸಿ ಹೇಳುವುದೇ ಬೇಡ. ಆ ಕಾಲದ ಇಂಗ್ಲಿಷಿನಲ್ಲೂ ದೊಡ್ಡವರಿಗೆ ಬಹುವಚನ, ಉಳಿದವರಿಗೆ ಏಕವಚನ. ಫಾಕ್ಸ್ ಕಡೆಯವರು ಜಡ್ಜಿಗೂ ಜೀತದವನಿಗೂ ಒಂದೇ 'ನೀನು' ಅಂದರು, ಅದಕ್ಕೆ ಒದೆಯನ್ನೂ ತಿಂದರು. ನಮ್ಮ ತೋಟದಲ್ಲಿ ಇಪ್ಪತ್ತೈದರ ಮೇಸ್ತ್ರಿ ಅರವತ್ತು ದಾಟಿದ ಹೆಂಗಸಿಗೆ "ಏ, ಬಾರೇ ಇಲ್ಲಿ" ಅನ್ನುತ್ತಾನೆ, ಅದೇ ಬಾಯಲ್ಲಿ ಧಣಿಗಳ ಹತ್ತು ವರ್ಷದ ಮಗನಿಗೆ "ಬನ್ನಿ ಸಣ್ಣ ಗೌಡ್ರೇ". ಫಾಕ್ಸ್ ಇಲ್ಲಿ ಒಂದು ದಿನ ಉಳಿಯುತ್ತಿರಲಿಲ್ಲ ಅಂತ ನಗು ಬಂತು. ಮುಂದೆ ಅವರನ್ನು ಮದುವೆಯಾದ ಮಾರ್ಗರೆಟ್ ಫೆಲ್ ಅಂತೂ ಹೆಂಗಸರೂ ಸಭೆಯಲ್ಲಿ ಮಾತಾಡಬಹುದು ಅಂತ 1666ರಲ್ಲೇ, ಅದೂ ಜೈಲಲ್ಲಿದ್ದಾಗ, ಪುಸ್ತಕ ತಂದವರು. ಅಕ್ಕಮಹಾದೇವಿಯ ನಾಡಿನವರು ನಾವು, ಇದೇನು ಹೊಸದಾ ಅಂತ ಬೀಗಬಹುದು. ನಮ್ಮೂರ ಸೊಸೈಟಿ ಮೀಟಿಂಗಿಗೆ ಒಮ್ಮೆ ಬಂದು ಎಷ್ಟು ಜನ ಹೆಂಗಸರು ಬಾಯಿ ಬಿಡ್ತಾರೆ ನೋಡಿ, ಆಮೇಲೆ ಬೀಗಿ.

ಈಗ ದೂರು. ಈ ಪ್ರತಿಯಲ್ಲಿ ಎಂಟು ಪುಟ ಇಲ್ಲ. ಯಾವುವು ಗೊತ್ತಾ? 1652ರಲ್ಲಿ ಫಾಕ್ಸ್ ಪೆಂಡಲ್ ಬೆಟ್ಟ ಹತ್ತಿ, ಬಿಳಿ ಬಟ್ಟೆಯ ಜನ ನದಿಯ ದಡದಲ್ಲಿ ಬರುತ್ತಿರುವ ಹಾಗೆ ಕಂಡರಲ್ಲ, ಇಡೀ ಪಂಥವೇ ನೆನೆಯುವ ಆ ಜಾಗ. ಅದೇ ಇಲ್ಲ! ಕೊನೆಗೆ ಮೊಬೈಲಲ್ಲಿ ಹುಡುಕಿ ಓದಿದೆ. ಬೆಟ್ಟ ಬಹಳ ಕಡಿದು, ಹತ್ತಲು ಕಷ್ಟವಾಯ್ತು ಅಂತ ಬರೆದುಕೊಂಡಿದ್ದಾರೆ. ಪೆಂಡಲ್ ಇರುವುದು 557 ಮೀಟರ್, ನಮ್ಮ ಮುಳ್ಳಯ್ಯನಗಿರಿ 1,930. ಇರಲಿ, ಅವರವರ ಬೆಟ್ಟ ಅವರಿಗೆ.

ಎರಡನೆಯದು ಹಾರ್ವರ್ಡ್ ಕ್ಲಾಸಿಕ್ಸ್ ಮಾಲೆಯ ಒಂದನೇ ಸಂಪುಟ. ಒಂದೇ ರಟ್ಟಿನೊಳಗೆ ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆ, ಜಾನ್ ವೂಲ್ಮನ್ ಅವರ ಜರ್ನಲ್, ಅಮೆರಿಕದ ಪೆನ್ಸಿಲ್ವೇನಿಯಾ ಕಟ್ಟಿದ ಕ್ವೇಕರ್ ವಿಲಿಯಂ ಪೆನ್ ಅವರ ಸೂಕ್ತಿಗಳು. ಪೆನ್ ಬರೆದದ್ದು 1693ರದ್ದು, ಸಣ್ಣ ಸಣ್ಣ ಮಾತು, ವಾಟ್ಸಾಪ್ ಸ್ಟೇಟಸ್‌ಗೆ ಹೇಳಿ ಮಾಡಿಸಿದ ಹಾಗಿದೆ. ಇಷ್ಟು ಚೆನ್ನಾಗಿ ಬರೆದ ಮನುಷ್ಯ ಗುಲಾಮರನ್ನೂ ಇಟ್ಟುಕೊಂಡಿದ್ದರು ಅಂತ ತಿಳಿದ ಮೇಲೆ ಮುಂದಕ್ಕೆ ಓದಲು ಮನಸ್ಸಾಗಲಿಲ್ಲ. ಫ್ರಾಂಕ್ಲಿನ್ ಎಲ್ಲರಿಗೂ ಗೊತ್ತು, ಬಿಡಿ.

ವೂಲ್ಮನ್ ಒಬ್ಬರಿಗೇ 450 ರೂಪಾಯಿ ಕೊಡಬಹುದು. ಇವರು ನ್ಯೂಜೆರ್ಸಿಯವರು, ಹುಟ್ಟಿದ್ದು 1720. ನಾನು ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಸಾಹಿತಿ ಅಲ್ಲ, ಚೆಕ್‌ರೋಲ್ ಅಂದರೆ ಕೂಲಿಯವರ ಹಾಜರಿ ಪುಸ್ತಕ ಬರೆಯುವವನು, ಬಟವಾಡೆ ಮಾಡುವವನು. ಮಲೆನಾಡಿನವರಿಗೆ ಗೊತ್ತಿರುತ್ತೆ. ವೂಲ್ಮನ್ ಕೂಡ ಶುರುವಿನಲ್ಲಿ ಅದೇ, ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದವರು. ಒಂದು ದಿನ ಯಜಮಾನರು ತಮ್ಮ ಮನೆಯ ಕರಿಯ ಹೆಂಗಸನ್ನು ಮಾರಿಬಿಟ್ಟು, ಕ್ರಯಪತ್ರ ಬರಿ ಅಂದರು. ಕೊಳ್ಳುವವರು ಎದುರಿಗೇ ಕಾಯುತ್ತಿದ್ದರು, ವಯಸ್ಸಾದವರು, ಅವರೂ ಕ್ವೇಕರ್ರೇ. ಇವರು ಬರೆದೇಬಿಟ್ಟರು. ಮನಸ್ಸಿಗೆ ಎಷ್ಟು ಕಸಿವಿಸಿಯಾಯ್ತೆಂದರೆ ಅಲ್ಲೇ ಇಬ್ಬರ ಮುಂದೆ, ಗುಲಾಮರನ್ನು ಇಟ್ಟುಕೊಳ್ಳುವುದು ನಮ್ಮ ಧರ್ಮಕ್ಕೆ ಒಪ್ಪುವಂಥದ್ದಲ್ಲ ಅಂತ ಹೇಳಿದರು. ಆದರೂ ಬರೆದೆನಲ್ಲ ಅನ್ನುವ ಚುಚ್ಚು ಹೋಗಲಿಲ್ಲ. ಆಮೇಲೆ ಅಂಥ ಪತ್ರ ಬರೆಯಲು ಒಪ್ಪಲಿಲ್ಲ. ಗುಲಾಮರನ್ನು ಮಕ್ಕಳಿಗೆ ಬಿಟ್ಟುಹೋಗುವ ವಿಲ್ ಇದ್ದರೆ ಅದನ್ನೂ ಬರೆಯಲಿಲ್ಲ.

ಆ ಪುಟ ಓದಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಹಿಂದೆ ಕೆಲಸಕ್ಕಿದ್ದ ಒಂದು ತೋಟದಲ್ಲಿ, ಮಳೆ ಹಿಡಿದು ಹನ್ನೊಂದು ಗಂಟೆಗೆ ಕೆಲಸ ನಿಂತರೆ, ಎಲ್ಲರಿಗೂ ಕಾಲು ಹಾಜರಿ ಹಾಕು ಅನ್ನುತ್ತಿದ್ದರು. ಬೆಳಿಗ್ಗೆ ಏಳೂವರೆಯಿಂದ ಜನ ನೆನೆದುಕೊಂಡು ಚಿಗುರು ತೆಗೆದಿರುತ್ತಿದ್ದರು. ನಾನು ಹಾಕುತ್ತಿದ್ದೆ. ವೂಲ್ಮನ್ ಹಾಗೆ ಎದುರಿಗೆ ಏನೂ ಹೇಳುತ್ತಿರಲಿಲ್ಲ.

ಇವರು ಬರೀ ಒಳ್ಳೆಯವರು ಅಂತ ಇಷ್ಟವಾಗಿದ್ದಲ್ಲ. ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುವ ರೀತಿ ಮಜವಾಗಿದೆ. ಬಣ್ಣ ಹಾಕಿದ ಬಟ್ಟೆ ಕೊಳೆ ಮುಚ್ಚುತ್ತದೆ ಅಂತ ಬಣ್ಣವಿಲ್ಲದ ಟೋಪಿ ಹಾಕಿಕೊಂಡರೆ, ಅದೇ ಹೊತ್ತಿಗೆ ಬಿಳಿ ಟೋಪಿ ಫ್ಯಾಷನ್ ಆಗಿತ್ತು! ಜನ ಇವರನ್ನೂ ಶೋಕಿ ಅಂದುಕೊಂಡರೇನೋ ಅಂತ ಪಾಪ ಒದ್ದಾಡಿದ್ದಾರೆ. 1772ರಲ್ಲಿ ಇಂಗ್ಲೆಂಡಿಗೆ ಹೋದಾಗ ಹಡಗಿನ ಒಳ್ಳೆಯ ಕ್ಯಾಬಿನ್ ಬಿಟ್ಟು ನಾವಿಕರ ಜೊತೆ ಕೆಳಗಡೆ ಮಲಗಿದರು. ಕುದುರೆಗೂ ಹುಡುಗರಿಗೂ ಹಿಂಸೆ ಅಂತ ಟಪಾಲು ಗಾಡಿ ಹತ್ತದೆ ಊರೂರು ನಡೆದರು. ಅಲ್ಲೂ ರೈಟರ್ ಬುದ್ಧಿ ಬಿಡಲಿಲ್ಲ. ಕೂಲಿ ದಿನಕ್ಕೆ 10 ಪೆನ್ಸ್, ಗೋಧಿ ಬುಶೆಲ್‌ಗೆ 8 ಶಿಲಿಂಗ್ ಅಂತ ಬರೆದಿಟ್ಟಿದ್ದಾರೆ. ಶಿಲಿಂಗಿಗೆ 12 ಪೆನ್ಸ್, ಬುಶೆಲ್ ಅಂದರೆ ಸುಮಾರು 27 ಕೆಜಿ. ಲೆಕ್ಕ ಹಾಕಿ ನೋಡಿದೆ, ಒಂದು ಬುಶೆಲ್ ಗೋಧಿಗೆ ಹೆಚ್ಚುಕಡಿಮೆ ಹತ್ತು ದಿನದ ದುಡಿಮೆ. ಆ ವರ್ಷವೇ ಯಾರ್ಕ್‌ನಲ್ಲಿ ಸಿಡುಬಿನಿಂದ ತೀರಿಕೊಂಡರು. ಜರ್ನಲ್ ಅಚ್ಚಾಗಿದ್ದು 1774ರಲ್ಲಿ. ಇನ್ನೆರಡು ವರ್ಷಕ್ಕೆ, 1776ರಲ್ಲಿ, ಗುಲಾಮರನ್ನು ಇಟ್ಟುಕೊಂಡವರಿಗೆ ನಮ್ಮಲ್ಲಿ ಜಾಗ ಇಲ್ಲ ಅಂತ ಫಿಲಡೆಲ್ಫಿಯಾದ ಕ್ವೇಕರ್‌ಗಳು ನಿರ್ಧರಿಸಿದರು. ಅಲ್ಲೇ ಪಕ್ಕದ ಜರ್ಮನ್‌ಟೌನ್‌ನ ನಾಲ್ಕು ಜನ 1688ರಲ್ಲೇ ಇದು ತಪ್ಪು ಅಂತ ಬರೆದುಕೊಟ್ಟಿದ್ದರು. ನಡುವೆ 88 ವರ್ಷ.

ಮೂರನೆಯದು ಥಾಮಸ್ ಕೆಲ್ಲಿ ಅವರ 1941ರ ಸಣ್ಣ ಪುಸ್ತಕ, 'ಎ ಟೆಸ್ಟಮೆಂಟ್ ಆಫ್ ಡಿವೋಷನ್'. ಮೌನ, ಧ್ಯಾನದ ವಿಷಯ. ನಾಲ್ಕು ಪುಟ ಒಂದಕ್ಕೊಂದು ಅಂಟಿಕೊಂಡಿವೆ, ಇನ್ನೂ ಬಿಡಿಸಿಲ್ಲ.

ಅಂಗಡಿ ಬಗ್ಗೆ: ಬೆಲೆ ನ್ಯಾಯವಾಗಿದೆ, ಮಾಲಿಗೆ ಬೂಷ್ಟು ಜಾಸ್ತಿ. ಮನೆಗೆ ತಂದು ಎರಡು ದಿನ ಬಿಸಿಲಿಗೆ ಇಡಲೇಬೇಕು, ಜುಲೈನಲ್ಲಿ ತಂದರೆ ಬಿಸಿಲು ಎಲ್ಲಿಂದ ತರ್ತೀರೋ ನೋಡಿಕೊಳ್ಳಿ. ಪುಟ ಇಲ್ಲ ಅಂತ ಹೇಳಿದ್ದಕ್ಕೆ ಅಂಗಡಿಯವರು ತಕರಾರು ಮಾಡದೆ 50 ರೂಪಾಯಿ ವಾಪಸ್ ಕೊಟ್ಟರು. "ಇವರ ಪೈಕಿ ಯಾರಾದ್ರೂ ಇಂಡಿಯಾಕ್ಕೆ ಬಂದಿದ್ರಾ ಸಾರ್?" ಅಂತ ಕೇಳಿದರು. ಕೇರಳದಲ್ಲಿ ಗಾರೆ ಮೆತ್ತದ ಇಟ್ಟಿಗೆ ಮನೆ ಕಟ್ಟಿದ ಲಾರಿ ಬೇಕರ್ ಕ್ವೇಕರ್ ಆಗಿದ್ದರು ಅಂದೆ. "ಓಹ್, ಅವರಾ! ನಮ್ಮ ಭಾವನ ಮನೆ ಅದೇ ಥರ, ಸಿಕ್ಕಾಪಟ್ಟೆ ತಂಪು" ಅಂದರು.

ಐದಕ್ಕೆ ನಾಲ್ಕು. ರಾಬರ್ಟ್ ಬಾರ್ಕ್ಲೇ ಅವರ 'ಅಪಾಲಜಿ' ಇನ್ನೂ ಅಲ್ಲೇ ಇದೆ. ಕ್ವೇಕರ್ ನಂಬಿಕೆಗಳನ್ನು 15 ಸೂತ್ರ ಮಾಡಿ ವಾದಿಸಿದ ದಪ್ಪ ಪುಸ್ತಕ, ಇಂಗ್ಲಿಷಿಗೆ ಬಂದಿದ್ದು 1678ರಲ್ಲಿ. ನನ್ನ ತಲೆಗೆ ಭಾರ ಅಂತ ಬಿಟ್ಟು ಬಂದೆ. ಬೇಕಾದವರು ಅಟ್ಟದ ಎಡಗಡೆ, ದನದ ಕಾಯಿಲೆ ಪುಸ್ತಕಗಳ ಪಕ್ಕ ಹುಡುಕಿ. ಏಣಿ ಅಲ್ಲಾಡುತ್ತೆ, ಕೆಳಗೆ ಒಬ್ಬರನ್ನು ಹಿಡಿಯಲು ಹೇಳಿ.