ಹಳೆ ಜೀಪಿಗೆ ಟೆಂಪರೇಚರ್ ಗೇಜ್ ಹಾಕಿಸುವ ಮುಂಚೆ ಇದನ್ನು ಓದಿ

ಕಳೆದ ಏಪ್ರಿಲ್‌ನಲ್ಲಿ ನನ್ನ ಹಳೆ ಡೀಸೆಲ್ ಜೀಪಿನ ಇಂಜಿನ್ ವಿಪರೀತ ಬಿಸಿಯಾಗಿ ಹೆಡ್ (ಇಂಜಿನ್ನಿನ ಮೇಲಿನ ಮುಚ್ಚಳ) ಬೆಂಡಾಯಿತು, ಅದರ ಕೆಳಗಿನ ಗ್ಯಾಸ್ಕೆಟ್ ಹೋಯಿತು. ಅಷ್ಟಾದರೂ ಗೇಜಿನ ಮುಳ್ಳು 75 ಡಿಗ್ರಿ ದಾಟಿರಲಿಲ್ಲ. ನಿಮಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಮೆಕ್ಯಾನಿಕಲ್ ಗೇಜ್. ಇಂಜಿನ್ ಇಳಿಸಿದಾಗ ಯಾರೋ ಅದರ ತೆಳು ಪೈಪನ್ನು ಮಡಚಿ ಮುರಿದಿದ್ದರು. ಹೊಸದಕ್ಕೆ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. "ಎಲೆಕ್ಟ್ರಿಕಲ್ ಹಾಕ್ಸಿ ಸಾರ್, ವೈರ್ ಎಳೆದ್ರೆ ಮುಗೀತು" ಅಂದರು. ಗೇಜ್ ಒಂದು ಅಂಗಡಿಯಲ್ಲಿ ಸಿಕ್ಕಿತು, ಸೆನ್ಸರ್ ಇನ್ನೊಂದರಲ್ಲಿ. "ಯಾವ್ದಾದ್ರೂ ನಡೆಯುತ್ತೆ" ಎಂದ ಮಾತನ್ನು ನಂಬಿದೆ. ಗ್ಯಾರೇಜಿನಲ್ಲಿ ನೀರು ಸೋರದಿರಲಿ ಅಂತ ಸೆನ್ಸರಿನ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರು.

ಒಂದು ಸಂಜೆ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಕೂಲೆಂಟಿನ (ಇಂಜಿನ್ ತಣ್ಣಗಿಡುವ ನೀರಿಗೆ ಬೆರೆಸುವ ದ್ರವ) ಸಿಹಿ ವಾಸನೆ ಬಂತು. ಮುಳ್ಳು ನೋಡಿದರೆ 75. ಸರಿಯಾಗಿದೆ ಅಂತ ಮುಂದೆ ಹೋದೆ. ಆ ಹೊತ್ತಿಗೇ ನಿಲ್ಲಿಸಬೇಕಿತ್ತು. ಐದು ನಿಮಿಷದಲ್ಲಿ ಬಾನೆಟ್ಟಿನಿಂದ ಆವಿ ಎದ್ದಿತು, ಮುಳ್ಳು ಇನ್ನೂ ಕೆಳಗಿಳಿಯಿತು! ನೀರು ಖಾಲಿಯಾದರೆ ಸೆನ್ಸರ್ ಬರೀ ಗಾಳಿಯಲ್ಲಿರುತ್ತದೆ, ಇಂಜಿನ್ ಸುಡುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಇದು ಎರಡೂ ಬಗೆಯ ಗೇಜಿನಲ್ಲಿ ಆಗುತ್ತದೆ.

ಆದರೆ ಅದಕ್ಕೂ ಮುಂಚೆ ಮುಳ್ಳು ಸುಳ್ಳು ಹೇಳಿದ್ದೇಕೆ? ಎಲೆಕ್ಟ್ರಿಕಲ್ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟನ್ನು ತಡೆಯುವ ಗುಣ) ಕಡಿಮೆಯಾಗುತ್ತದೆ. ಗೇಜ್ ಅದನ್ನೇ ಓದುವುದು. ಒಂದೇ ವೈರಿನ ಸೆನ್ಸರಿಗೆ ಅರ್ತ್ ಸಿಗುವುದು ಥ್ರೆಡ್ ಮೂಲಕ, ಇಂಜಿನ್ನಿನಿಂದ. ಟೇಪ್ ಅದನ್ನು ತಡೆದರೆ ರೆಸಿಸ್ಟೆನ್ಸ್ ಜಾಸ್ತಿಯಾಗಿ ಇಂಜಿನ್ ತಣ್ಣಗಿದೆ ಅಂತ ತೋರಿಸುತ್ತದೆ. ಸೆನ್ಸರ್ ಆ ಗೇಜಿನ ಜೋಡಿಯಲ್ಲದಿದ್ದರಂತೂ ಲೆಕ್ಕವೇ ತಪ್ಪು. ನನ್ನದರಲ್ಲಿ ಎರಡೂ ಇತ್ತು.

ಹಾಗಾಗಿ ಎಲೆಕ್ಟ್ರಿಕಲ್ ತಗೊಂಡರೆ ಗೇಜ್, ಸೆನ್ಸರ್ ಒಂದೇ ಡಬ್ಬಿಯಲ್ಲಿರಲಿ. ಹಾಕಿಸುವ ಮುಂಚೆ, ಗೇಜಿಗೆ ಜೋಡಿಸಿದ ಸೆನ್ಸರಿನ ತುದಿಯನ್ನು ಕುದಿಯುವ ನೀರಿನಲ್ಲಿಟ್ಟು, ಅದರ ಮೈಗೆ ಬ್ಯಾಟರಿ ಮೈನಸ್‌ನಿಂದ ವೈರ್ ಕೊಟ್ಟು ನೋಡಿ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಳ್ಳು ಅದರ ಹತ್ತಿರ ಬರಬೇಕು. 80ರಲ್ಲಿ ನಿಂತರೆ ಅಂಗಡಿಗೆ ವಾಪಸ್ ಕೊಡಿ.

ನಾನು ಈಗ ಮತ್ತೆ ಮೆಕ್ಯಾನಿಕಲ್ ಹಾಕಿಸಿದ್ದೇನೆ. ಅದರ ತೆಳು ಪೈಪಿನ ತುದಿಯಲ್ಲಿ, ಇಂಜಿನ್ನಿನ ನೀರಿನಲ್ಲಿ ಮುಳುಗಿರುವ ಲೋಹದ ಬಲ್ಬಿನೊಳಗಿನ ದ್ರವ ಬಿಸಿಗೆ ಆವಿಯಾಗಿ, ಅದರ ಒತ್ತಡವೇ ಮುಳ್ಳನ್ನು ತಿರುಗಿಸುತ್ತದೆ. ಕರೆಂಟಿನ ಗೊಡವೆಯಿಲ್ಲ. ವೈರಿಂಗ್ ಹಳೆಯದಾದ ಗಾಡಿಗೆ ನನ್ನ ಪ್ರಕಾರ ಇದೇ ಸರಿ. ಪೈಪನ್ನು ಮಾತ್ರ ಮಡಚಬಾರದು, ಕತ್ತರಿಸಬಾರದು, ಸೈಲೆನ್ಸರ್ ಪೈಪಿಗೆ ತಾಗಿಸಬಾರದು. ಉದ್ದ ಜಾಸ್ತಿಯಾದರೆ ದೊಡ್ಡ ಸುರುಳಿ ಮಾಡಿ ಕಟ್ಟಿಸಿ. ನನ್ನ ಬಾನೆಟ್ಟಿನ ಒಳಗೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿದ್ದೇನೆ: "ಇಂಜಿನ್ ಇಳಿಸುವ ಮುಂಚೆ ಗೇಜಿನ ಬಲ್ಬ್ ಬಿಚ್ಚಿ."